ಜೀವಾಳ ಹಿಡಿದ ನಾದ: ಬಳ್ಳಾರಿಯಲ್ಲಿ ಕೇಳಿದ ಮೂರು ಎಲೆಕ್ಟ್ರಾನಿಕ್ ಆಲ್ಬಂಗಳು

ತಂಬೂರಿಯ ತಂತಿಗಳನ್ನು ಎತ್ತಿ ಹಿಡಿಯುವ ಮೆಟ್ಟಿಗೆ ಕುದುರೆ ಎನ್ನುತ್ತಾರೆ; ಅದರ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನ ಎಳೆ ಇರುತ್ತದೆ. ಆ ಎಳೆಗೆ ಜೀವಾಳ ಎಂದು ಹೆಸರು. ಆ ಎಳೆಯನ್ನು ಬೆರಳ ತುದಿಯಿಂದ ತುಸು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾ ತಂತಿಯನ್ನು ಮೀಟುತ್ತಾ ಹೋದರೆ, ಒಂದು ಜಾಗಕ್ಕೆ ಬಂದಾಗ ಅದುವರೆಗೆ ಮೊಂಡಾಗಿದ್ದ ನಾದ ಇದ್ದಕ್ಕಿದ್ದಂತೆ ಅರಳಿಕೊಳ್ಳುತ್ತದೆ. ತಂತಿ ಕುದುರೆಯ ಬಾಗಿದ ಮೈಯನ್ನು ಸವರುತ್ತಾ ಕಂಪಿಸುತ್ತದೆ, ಮೂಲಸ್ವರದ ಮೇಲಿನ ಉಪಸ್ವರಗಳು ಒಂದರ ಹಿಂದೊಂದು ಎದ್ದು ಇಳಿಯುತ್ತವೆ, ಯಾರೂ ಮೀಟದ ಗಾಂಧಾರ ತಾನಾಗಿಯೇ ಕೇಳಿಬರುತ್ತದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸಂಗೀತ ಕಲಿಯಲು ಹೋಗುತ್ತಿದ್ದ ದಿನಗಳಲ್ಲಿ, ಪಾಠ ಶುರುವಾಗುವ ಮೊದಲು ಗುರುಗಳು ತಂಬೂರಿ ಶ್ರುತಿ ಮಾಡುತ್ತಿದ್ದ ಆ ಹತ್ತು ನಿಮಿಷವೇ ನನಗೆ ಪಾಠಕ್ಕಿಂತ ಪ್ರಿಯವಾಗಿತ್ತು. ಈಚಿನ ಮೂರು ಎಲೆಕ್ಟ್ರಾನಿಕ್ ಆಲ್ಬಂಗಳನ್ನು ಕುರಿತು ಬರೆಯಲು ಕುಳಿತಿರುವ ನನ್ನ ಕೈಯಲ್ಲಿರುವ ಅಳತೆಗೋಲು ಕೂಡ ಅದೇ. ಹಿಡಿದ ಸ್ವರದೊಳಗೆ ಜೀವಾಳವಿದೆಯೇ ಇಲ್ಲವೇ ಎಂಬುದೊಂದನ್ನೇ ನಾನು ಕೇಳಿಕೊಂಡಿದ್ದೇನೆ.

ಬೇರೆ ಅಳತೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಆಂಬಿಯೆಂಟ್ ಎಂದು ಕರೆಯುವ ಸಂಗೀತದಲ್ಲಿ ಗುನುಗಿಕೊಳ್ಳುವ ಪಲ್ಲವಿ ಇಲ್ಲ, ತಲೆದೂಗಿಸುವ ತಾಳ ಇಲ್ಲ, ಬಹಳ ಸಲ ಆರಂಭ, ಅಂತ್ಯ ಎಂಬ ಗೆರೆಯೂ ಇಲ್ಲ. ಫ್ರಾನ್ಸಿನ ಎರಿಕ್ ಸಾಟಿ 1917ರಲ್ಲೇ ಮನೆಯ ಮೇಜು ಕುರ್ಚಿಗಳಂತೆ ಕೋಣೆಯಲ್ಲಿ ಸುಮ್ಮನೆ ಇರಬಲ್ಲ ಸಂಗೀತವೊಂದನ್ನು ಯೋಚಿಸಿದ್ದರು. ಇಂಗ್ಲೆಂಡಿನ ಬ್ರಯಾನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ರಚಿಸಿದ ಆಲ್ಬಂನೊಂದಿಗೆ ಈ ಬಗೆಗೆ ಆಂಬಿಯೆಂಟ್ ಎಂಬ ಹೆಸರನ್ನು ನೆಲೆಗೊಳಿಸಿದರು. ಇಂಥ ಸಂಗೀತವನ್ನು ಗಮನವಿಟ್ಟು ಕೇಳಿದರೂ ಸಲ್ಲಬೇಕು, ಗಮನಿಸದೆ ಬಿಟ್ಟರೂ ಸಲ್ಲಬೇಕು ಎಂಬುದು ಅವರು ಆಗ ಹಾಕಿಕೊಟ್ಟ ನಿಯಮ. ಈ ನಿಯಮದ ಎರಡನೆಯ ಅರ್ಧವನ್ನು ಪಾಲಿಸುವುದು ಸುಲಭ. ಮೊದಲನೆಯ ಅರ್ಧದಲ್ಲೇ ಬಹುತೇಕ ಆಲ್ಬಂಗಳು ಸೋಲುತ್ತವೆ.

ಕೇಳಿದ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಸಂಗೀತದಲ್ಲಿ ಕೋಣೆಯೂ ವಾದ್ಯದ ಒಂದು ಭಾಗ. ಬಳ್ಳಾರಿಯ ಏಪ್ರಿಲ್ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಮನೆಯಲ್ಲಿ ಕೂರುವುದು ಕಷ್ಟ, ಕೂಲರ್ ಹಾಕಿದರೆ ಮೆಲುಸ್ವರದ ಯಾವ ಆಲ್ಬಂನ ತಳಪದರವೂ ಕಿವಿಗೆ ಬೀಳುವುದಿಲ್ಲ. ಅದಕ್ಕಾಗಿ ರಾತ್ರಿ ಹನ್ನೊಂದರ ಮೇಲೆ, ಕಿಟಕಿ ತೆರೆದು, ಫ್ಯಾನನ್ನು ಒಂದಕ್ಕೆ ಇಳಿಸಿ, ಎರಡು ಸಾಧಾರಣ ಸ್ಪೀಕರುಗಳಲ್ಲಿ ಕೇಳಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು, ಬೀದಿಯ ಟ್ರಾನ್ಸ್‌ಫಾರ್ಮರ್ ಅದರ ಇಮ್ಮಡಿಯಲ್ಲಿ, ಅಂದರೆ 100 ಆವರ್ತಗಳಲ್ಲಿ ಗುಂಯ್‌ಗುಡುತ್ತದೆ. ನಡುರಾತ್ರಿ ಅದು ಸ್ಪಷ್ಟವಾಗಿ ಕೇಳುತ್ತದೆ. ಆಲ್ಬಂನ ಯಾವುದಾದರೂ ಕೆಳಸ್ವರ ಅದರ ಪಕ್ಕಕ್ಕೆ ಬಂದು ನಿಂತಾಗ ಎರಡರ ನಡುವೆ ಒಂದು ನಿಧಾನವಾದ ಅಲೆ ಏಳುತ್ತದೆ, ಶ್ರುತಿ ಕೂಡದ ಎರಡು ತಂತಿಗಳ ನಡುವೆ ಏಳುವಂಥದ್ದೇ ಅಲೆ. ಮೊದಲು ಇದರಿಂದ ಕಿರಿಕಿರಿಯಾಯಿತು, ಆಮೇಲೆ ಅದಕ್ಕಾಗಿಯೇ ಕಾಯತೊಡಗಿದೆ.

ಮೊದಲ ಆಲ್ಬಂ 'ದಿ ಎನ್‌ಐಡಿ ಟೇಪ್ಸ್'. ಇದು 2023ರಲ್ಲಿ ಲಂಡನ್ನಿನ ಸ್ಟೇಟ್51 ಕಾನ್‌ಸ್ಪಿರಸಿ ಸಂಸ್ಥೆಯಿಂದ ಹೊರಬಂತು, ಆದರೆ ಇದರೊಳಗಿನ ಧ್ವನಿಗಳೆಲ್ಲ 1969ರಿಂದ 1972ರ ನಡುವಿನವು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಒಂದು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಆರಂಭವಾಯಿತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅಲ್ಲಿ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೋಗ್ ಸಿಂಥಸೈಸರನ್ನು ಜೋಡಿಸಿಕೊಟ್ಟರು, ಕೆಲವು ವರ್ಷ ಅಲ್ಲಿ ಭಾರತೀಯರೇ ಕುಳಿತು ಧ್ವನಿಯ ಪ್ರಯೋಗಗಳನ್ನು ಮಾಡಿದರು ಎಂಬುದು ಬಹುಕಾಲ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸಂಸ್ಥೆಯ ಸಂಗ್ರಹದಲ್ಲಿ ಉಳಿದಿದ್ದ ಟೇಪುಗಳನ್ನು ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಹುಡುಕಿ, ಕೇಳಿ, ಆಯ್ದು ಈ ಆಲ್ಬಂ ರೂಪಿಸಿದ್ದಾರೆ. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಎಂಬ ಐವರ ಕೆಲಸವೂ ಟ್ಯೂಡರ್ ಅವರ ಸ್ವಂತ ಪ್ರಯೋಗಗಳೂ ಇದರಲ್ಲಿವೆ.

ಇವರಲ್ಲಿ ಗೀತಾ ಸಾರಾಭಾಯಿ ಅವರ ಹೆಸರನ್ನು ನಾವು ಇನ್ನೂ ಹೆಚ್ಚು ಬಲ್ಲವರಾಗಿರಬೇಕಿತ್ತು. ಅವರು 1946ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪ್ರಾಯೋಗಿಕ ಸಂಗೀತಕಾರ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತ ಕಲಿಸಿ, ಅವರಿಂದ ಪಾಶ್ಚಾತ್ಯ ಸಂಗೀತದ ಕ್ರಮಗಳನ್ನು ಕಲಿತರು. ಸಂಗೀತ ಇರುವುದು ಮನಸ್ಸನ್ನು ತಿಳಿಯಾಗಿಸಿ, ನಿಶ್ಚಲವಾಗಿಸಿ, ದೈವಕ್ಕೆ ತೆರೆದಿಡಲು ಎಂದು ತಮ್ಮ ಗುರುಗಳು ಹೇಳಿದ್ದನ್ನು ಅವರು ಕೇಜ್‌ಗೆ ದಾಟಿಸಿದರು, ಆ ಮಾತನ್ನು ಕೇಜ್ ಬದುಕಿರುವವರೆಗೂ ನೆನೆದರು. ಇಪ್ಪತ್ತಮೂರು ವರ್ಷಗಳ ನಂತರ ಕೇಜ್ ಬಳಗದ ಟ್ಯೂಡರ್ ಮೋಗ್ ಹಿಡಿದು ಅಹಮದಾಬಾದಿಗೆ ಬಂದಾಗ ಅದು ಒಂದು ಕೊಡುಕೊಳ್ಳುವಿಕೆಯ ಎರಡನೆಯ ಕಂತಾಗಿತ್ತು. ಪ್ರಾಯೋಗಿಕ ಸಂಗೀತ ಪಶ್ಚಿಮದಿಂದ ನಮಗೆ ಬಂದ ಸರಕು ಎಂದು ತಿಳಿದವರು ಈ ಒಂದು ಸಂಗತಿಯನ್ನಾದರೂ ನೆನಪಿಡಬೇಕೆಂದು ನನಗೆ ಬಹಳ ಅನಿಸುತ್ತದೆ.

ಆಲ್ಬಂನ ಗುಣ ಅದರ ಇತಿಹಾಸದಿಂದಷ್ಟೇ ಬಂದದ್ದಲ್ಲ. ಆ ಕಾಲದ ಮೋಗ್ ಯಂತ್ರದಲ್ಲಿ ಸ್ವರ ಹುಟ್ಟಿಸುವ ಭಾಗವನ್ನು ಆಸಿಲೇಟರ್ ಎನ್ನುತ್ತಾರೆ. ವಿದ್ಯುತ್ ಒತ್ತಡ ಹೆಚ್ಚಿದಂತೆ ಸ್ವರ ಏರುತ್ತದೆ, ಇಳಿದಂತೆ ಇಳಿಯುತ್ತದೆ, ಒಂದು ಭಾಗವನ್ನು ಇನ್ನೊಂದಕ್ಕೆ ವಯರುಗಳಿಂದ ಜೋಡಿಸಿ ಧ್ವನಿಯನ್ನು ಕಟ್ಟಬೇಕು. ಕೋಣೆಯ ಬಿಸಿ ಏರಿದರೆ ಆಸಿಲೇಟರಿನ ಶ್ರುತಿ ಜಾರುತ್ತದೆ, ಇದು ಆ ಯಂತ್ರಗಳ ಪ್ರಸಿದ್ಧ ದೋಷ. ಬೇಸಿಗೆಯಲ್ಲಿ ತಂಬೂರಿಯನ್ನು ಹತ್ತು ಹತ್ತು ನಿಮಿಷಕ್ಕೆ ತಿರುಗಿ ಶ್ರುತಿ ಮಾಡಿದವರಿಗೆ ಇದು ಹೊಸದೇನಲ್ಲ. ಈ ಟೇಪುಗಳಲ್ಲಿ ಹಿಡಿದ ಸ್ವರ ಎಂದೂ ಗೋಡೆಗೆ ಹೊಡೆದ ಮೊಳೆಯಂತೆ ನಿಲ್ಲುವುದಿಲ್ಲ. ತುಸು ತೂಗುತ್ತದೆ, ತುಸು ಒರಟಾಗುತ್ತದೆ, ಟೇಪಿನ ಸುಸುಕಾರ ಅದರ ಮೇಲೆ ತೆಳುವಾದ ಧೂಳಿನಂತೆ ಕೂತಿರುತ್ತದೆ. ಜೀವಾಳ ಎಂದು ನಾನು ಹೇಳಿದ್ದು ಇದನ್ನೇ. ಮಾಥುರ್ ಅವರು 'ಒನ್ಸ್ ಐ ಪ್ಲೇಯ್ಡ್ ಎ ತಾನ್‌ಪುರಾ' ಎಂದು ಒಂದು ರಚನೆಗೆ ಹೆಸರಿಟ್ಟಿರುವುದನ್ನು ನೋಡಿದಾಗ, ಆ ಯಂತ್ರದ ಮುಂದೆ ಕುಳಿತವರ ಕಿವಿ ಎಲ್ಲಿಂದ ಬಂದಿತ್ತು ಎಂಬುದು ತಿಳಿಯುತ್ತದೆ.

ಶರ್ಮಾ ಅವರ 'ಡ್ಯಾನ್ಸ್ ಮ್ಯೂಸಿಕ್' ರಚನೆಗಳಲ್ಲಿ ಮರಳಿ ಮರಳಿ ಬರುವ ಲಯವಿದೆ, ಇದೇ ಬಗೆಯ ಯಂತ್ರಲಯ ಜಗತ್ತಿನ ನೃತ್ಯಶಾಲೆಗಳನ್ನು ತುಂಬಿದ್ದು ಎಷ್ಟೋ ವರ್ಷಗಳ ಮೇಲೆ. ಜೋಶಿಪುರ ಅವರ 'ಸ್ಪೇಸ್ ಲೈನರ್ 2001' ಆಕಾಶಯಾನದ ಕನಸನ್ನು ಕಟ್ಟುತ್ತದೆ, ಅದು ನನಗೆ ಸ್ವಲ್ಪ ಉದ್ದವೆನಿಸಿತು. ಅತುಲ್ ದೇಸಾಯಿ 1970ರ ಒಸಾಕಾ ವಿಶ್ವಮೇಳಕ್ಕೆಂದು ಮಾಡಿದ ಧ್ವನಿಮುದ್ರಣವೂ ಇಲ್ಲಿದೆ. ಕೆಲವು ತುಣುಕುಗಳು ಅಭ್ಯಾಸದ ಹಾಳೆಗಳಂತೆ ಅರ್ಧಕ್ಕೇ ನಿಲ್ಲುತ್ತವೆ, ಅವನ್ನು ಬಿಟ್ಟಿದ್ದರೆ ಆಲ್ಬಂ ಇನ್ನಷ್ಟು ಬಿಗಿಯಾಗುತ್ತಿತ್ತು ಎಂದು ಮೊದಲ ಸಲ ಅನಿಸಿತು. ಮೂರನೆಯ ಸಲ ಕೇಳುತ್ತಿದ್ದಾಗ ರಾತ್ರಿ ಹನ್ನೆರಡೂವರೆಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಇಯರ್‌ಫೋನ್ ಹಾಕಿಕೊಂಡೆ. ಫ್ಯಾನೂ ಇಲ್ಲ, ಟ್ರಾನ್ಸ್‌ಫಾರ್ಮರಿನ ಸದ್ದೂ ಇಲ್ಲ. ಆಗ ಗೀತಾಬೆನ್ ಅವರ ರಚನೆಯ ತಳದಲ್ಲಿ, ಮೇಲಿನ ಧ್ವನಿಗಳು ಎದ್ದು ಬೀಳುವಾಗ ಅವುಗಳ ಹಿಂದೆ ಉಳಿಯುವ ನೆರಳಿನಂಥ ಪದರವೊಂದನ್ನು ಮೊದಲ ಬಾರಿಗೆ ಕೇಳಿದೆ. ಅರ್ಧಕ್ಕೆ ನಿಂತ ತುಣುಕುಗಳ ಬಗ್ಗೆ ನನ್ನ ತಕರಾರು ಅಂದೇ ಸಡಿಲವಾಯಿತು. ಇವರು ಹಾಡು ಮಾಡಲು ಹೊರಟವರಲ್ಲ, ಒಂದು ಧ್ವನಿಯೊಳಗೆ ಏನೇನಿದೆ ಎಂದು ಕೈಯಾಡಿಸಿ ನೋಡಿದವರು.

ಈ ಕೈಯಾಡಿಸುವಿಕೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಬಳ್ಳಾರಿಯಿಂದ ಕೆಲವೇ ಕಿಲೋಮೀಟರ್ ದೂರದ ಸಂಗನಕಲ್ಲು ಮತ್ತು ಕುಪ್ಪಗಲ್ಲಿನ ಗುಡ್ಡದಲ್ಲಿ ಕಪ್ಪು ಡಾಲರೈಟ್ ಬಂಡೆಗಳಿವೆ. ನವಶಿಲಾಯುಗದ ಜನ ಅವುಗಳ ಮೇಲೆ ಎತ್ತು, ಮನುಷ್ಯರ ಚಿತ್ರಗಳನ್ನು ಕುಟ್ಟಿ ಬಿಡಿಸಿದ್ದಾರೆ, ಅವುಗಳ ನಡುವೆ ಕೆಲವು ಬಂಡೆಗಳಲ್ಲಿ ಕಲ್ಲಿನಿಂದ ಹೊಡೆದು ಹೊಡೆದು ಸವೆದ ಬಟ್ಟಲಿನಂಥ ಕುಳಿಗಳಿವೆ. ಒಮ್ಮೆ ಆ ಗುಡ್ಡ ಹತ್ತಿ ಅಂಥ ಒಂದು ಕುಳಿಯನ್ನು ಸಣ್ಣ ಹರಳಿನಿಂದ ಮೆಲ್ಲಗೆ ತಟ್ಟಿದ್ದೆ. ಕಲ್ಲಿನ ಸದ್ದನ್ನು ನಿರೀಕ್ಷಿಸಿದ ಕಿವಿಗೆ ಲೋಹದ ಗಂಟೆಯ ಸದ್ದು ಬಂತು. ಈ ಬಂಡೆಗಳು ವಾದ್ಯಗಳಾಗಿದ್ದವು ಎಂದು ಪುರಾತತ್ತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಬರೆದಿದ್ದಾರೆ. ಗುಡ್ಡದ ಸುತ್ತಲಿನ ಕಲ್ಲುಗಣಿಗಾರಿಕೆ ಈ ವಾದ್ಯಗಳನ್ನು ನುಂಗದಿರಲಿ ಎಂಬುದು ನನ್ನ ಆಸೆ. ಯಾವ ಬಂಡೆ ಎಲ್ಲಿ ಹೊಡೆದರೆ ನುಡಿಯುತ್ತದೆ ಎಂದು ಒಂದೊಂದನ್ನೇ ತಟ್ಟಿ ಹುಡುಕಿದ ಆ ಜನರಿಗೂ, ಯಾವ ವಯರು ಎಲ್ಲಿಗೆ ಸಿಕ್ಕಿಸಿದರೆ ಏನು ಕೇಳುತ್ತದೆ ಎಂದು ನೋಡಿದ ಅಹಮದಾಬಾದಿನ ಐವರಿಗೂ ಇದ್ದದ್ದು ಒಂದೇ ಕುತೂಹಲ ಎಂದು ಟೇಪುಗಳನ್ನು ಕೇಳುವಾಗಲೆಲ್ಲ ನನಗೆ ತೋರುತ್ತದೆ.

ಎರಡನೆಯದು ಆರುಷಿ ಜೈನ್ ಅವರ 'ಡಿಲೈಟ್', 2024ರ ಮಾರ್ಚಿನಲ್ಲಿ ಲೀವಿಂಗ್ ರೆಕಾರ್ಡ್ಸ್‌ನಿಂದ ಬಂದದ್ದು. ದೆಹಲಿಯಲ್ಲಿ ಬೆಳೆದು ಅಮೆರಿಕದಲ್ಲಿ ನೆಲೆಸಿರುವ ಇವರು ಹಿಂದೂಸ್ತಾನಿ ಗಾಯನವನ್ನೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನವನ್ನೂ ಕಲಿತವರು. ಬಿಡಿ ಭಾಗಗಳನ್ನು ಬೇಕಾದಂತೆ ಕೂಡಿಸಿಕೊಳ್ಳುವ ಮಾಡ್ಯುಲರ್ ಸಿಂಥಸೈಸರ್ ಇವರ ವಾದ್ಯ. ಇವರ 2021ರ 'ಅಂಡರ್ ದಿ ಲೈಲಾಕ್ ಸ್ಕೈ' ಸಂಜೆಗೆ, ಸೂರ್ಯ ಮುಳುಗುವ ಹೊತ್ತಿಗೆ ಕೇಳಬೇಕೆಂದು ಮಾಡಿದ ಆಲ್ಬಂ. 'ಡಿಲೈಟ್' ಇಡಿಯಾಗಿ ಬಾಗೇಶ್ರೀ ರಾಗದ ಮೇಲೆ ನಿಂತಿದೆ. ರಾಗಕ್ಕೆ ಹೊತ್ತು ಉಂಟು ಎಂಬ ನಮ್ಮ ನಂಬಿಕೆಯನ್ನು ಯಂತ್ರಸಂಗೀತದವರೊಬ್ಬರು ಇಷ್ಟು ಶ್ರದ್ಧೆಯಿಂದ ಪಾಲಿಸುವುದನ್ನು ಕಂಡು ನನಗೆ ಸಂತೋಷವಾಯಿತು.

ಬಾಗೇಶ್ರೀ ನಡುರಾತ್ರಿಯ ರಾಗ. ಕಾಫಿ ಥಾಟಿನದು, ಅಂದರೆ ಕಾಫಿ ಎಂಬ ಸ್ವರವರ್ಗಕ್ಕೆ ಸೇರಿದ್ದು, ಗಾಂಧಾರ ನಿಷಾದಗಳು ಕೋಮಲ, ಮಧ್ಯಮ ವಾದಿ, ಅಂದರೆ ಮುಖ್ಯ ಸ್ವರ. ಆರೋಹದಲ್ಲಿ ರಿಷಭ ಪಂಚಮಗಳನ್ನು ಬಿಡುವುದು ರೂಢಿ, ಪಂಚಮ ಅವರೋಹದಲ್ಲಿ ಬಂದರೂ ಬಾಗಿಲಲ್ಲೇ ನಿಂತು ಹೋಗುವ ಅತಿಥಿಯಂತೆ ಬರುತ್ತದೆ. ಮಧ್ಯಮದಿಂದ ಧೈವತಕ್ಕೆ, ಅಲ್ಲಿಂದ ಕೋಮಲ ನಿಷಾದಕ್ಕೆ ಏರುವ ಒಂದು ಹೆಜ್ಜೆಯಲ್ಲೇ ರಾಗದ ಮುಖ ಕಾಣಿಸುತ್ತದೆ. ಈ ಆಲ್ಬಂ ಅನ್ನು ಗುರುಗಳಿಗೆ ಕೇಳಿಸಿದೆ. ಎಪ್ಪತ್ತು ದಾಟಿದವರು, ಸಿಂಥಸೈಸರಿನ ಬಗ್ಗೆ ಅವರಿಗೆ ಒಲವೂ ಇಲ್ಲ, ಸಿಟ್ಟೂ ಇಲ್ಲ. ಕಣ್ಣು ಮುಚ್ಚಿ ಮೂರು ಟ್ರ್ಯಾಕ್ ಕೇಳಿದ ಮೇಲೆ, "ರಾಗ ಬಾಗೇಶ್ರೀನ ಐತಪ್ಪಾ. ಆದರ ಈಕಿ ರಾಗ ಹಾಡವಲ್ಲಳು, ರಾಗದಾಗ ಕುಂತಾಳ" ಎಂದರು. "ಅದು ತಪ್ಪೇನ್ರಿ ಗುರುಗಳೇ?" ಎಂದು ಕೇಳಿದೆ. "ತಪ್ಪಲ್ಲ. ಕುಂದ್ರಾಕೂ ಬರಬೇಕಲ್ಲ" ಎಂದರು.

ಆ ಮಾತು ಆಲ್ಬಂನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಹೇಳುತ್ತದೆ. ಒಂಬತ್ತು ಟ್ರ್ಯಾಕುಗಳಲ್ಲಿ ರಾಗದ ಬೆಳವಣಿಗೆ, ಅಂದರೆ ಮಂದ್ರದಿಂದ ಮೆಟ್ಟಿಲು ಮೆಟ್ಟಿಲಾಗಿ ತಾರಷಡ್ಜಕ್ಕೆ ಏರುವ ಬಡತ್, ಇಲ್ಲ. ಬದಲಿಗೆ ಕಂಠದ ಒಂದು ಸ್ವರವನ್ನು ಹಿಡಿದು, ಅದನ್ನು ಪದರ ಪದರವಾಗಿ ಹರಡಿ, ಅದರ ಮೇಲೆ ಸಿಂಥಸೈಸರಿನ ಮಿನುಗುವ ಸ್ವರಮಾಲೆಗಳನ್ನು ಹೊದಿಸಿ, ಕೇಳುಗನನ್ನು ಅದರ ನಡುವೆ ಕೂರಿಸುತ್ತಾರೆ. ಕಂಠ ಇರುವಲ್ಲೆಲ್ಲ ಜೀವಾಳವಿದೆ. ಎರಡು ಪದರಗಳ ಶ್ರುತಿ ಒಂದಕ್ಕೊಂದು ತೀರ ಹತ್ತಿರ ಬಂದು ಅಲೆಯೇಳುವ ಕ್ಷಣಗಳಲ್ಲಿ ಮೈ ಜುಮ್ಮೆನ್ನುತ್ತದೆ. ಸ್ವರಮಾಲೆಗಳು ಮಾತ್ರ ಮುಂದೆ ಬಂದಾಗ ನನಗೆ ಒಂದು ಕೊರತೆ ಕಾಣುತ್ತದೆ. ಯಂತ್ರದ ಸೀಕ್ವೆನ್ಸರ್ ಸ್ವರಗಳನ್ನು ಮಣಿ ಪೋಣಿಸಿದಂತೆ ಒಂದರ ಪಕ್ಕ ಒಂದನ್ನು ಇಡುತ್ತದೆ, ಬಾಗೇಶ್ರೀ ಬದುಕುವುದು ಮಣಿಗಳ ನಡುವಿನ ದಾರದಲ್ಲಿ, ಧೈವತದಿಂದ ಮಧ್ಯಮಕ್ಕೆ, ಮಧ್ಯಮದಿಂದ ಗಾಂಧಾರಕ್ಕೆ ಜಾರುವ ಮೀಂಡಿನಲ್ಲಿ. ಆ ಜಾರುವಿಕೆ ಇಲ್ಲದ ಕಡೆ ರಾಗದ ಸ್ವರಗಳಿರುತ್ತವೆ, ರಾಗ ತುಸು ದೂರ ನಿಂತಿರುತ್ತದೆ. ಹಾಗಿದ್ದರೂ ಇವರು ಮತ್ತೆ ಮತ್ತೆ ಕಂಠಕ್ಕೆ ಮರಳುವುದರಿಂದ ಕೊರತೆ ಹೆಚ್ಚು ಹೊತ್ತು ಬಾಧಿಸುವುದಿಲ್ಲ.

ರಾಗದಲ್ಲಿ ಕೂರುವ ಈ ಕಲೆಯ ಒಂದು ಬೇರು ನಮ್ಮ ಸೀಮೆಗೂ ಸಂಬಂಧಪಟ್ಟದ್ದು. ಒಂದೊಂದು ಸ್ವರವನ್ನು ಬಿಡಿಸಿ ಬಿಡಿಸಿ ತೋರಿಸುವ ಕಿರಾಣಾ ಘರಾಣೆ, ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂದು ಕನ್ನಡ ನಾಡಿನಲ್ಲಿ ಬೇರುಬಿಟ್ಟಿತು. ಅದೇ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯ ಪಂಡಿತ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದರು; ಆಗಲೇ ದೀರ್ಘಸ್ವರಗಳ ಸಂಗೀತ ರಚಿಸುತ್ತಿದ್ದ ಲಾ ಮಾಂಟೆ ಯಂಗ್, ಟೆರ್ರಿ ರೈಲಿಯಂಥವರು ಅವರ ಮುಂದೆ ಶಿಷ್ಯರಾಗಿ ಕುಳಿತರು. ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಇಂದಿನ ಡ್ರೋನ್ ಸಂಗೀತದ ಮೇಲೆ ಅವರಿಬ್ಬರ ನೆರಳು ದೊಡ್ಡದು. ಸವಾಯಿ ಗಂಧರ್ವರ ಪರಂಪರೆಯನ್ನು ಕೇಳಿ ಬೆಳೆದ ಕಿವಿಗೆ 'ಡಿಲೈಟ್' ಅಪರಿಚಿತವೆನಿಸದಿರಲು ಇದೂ ಒಂದು ಕಾರಣ.

ಮೂರನೆಯದು ಬ್ರಯಾನ್ ಈನೋ ಮತ್ತು ಬೀಟಿ ವುಲ್ಫ್ ಅವರ 'ಲ್ಯಾಟರಲ್'. 2025ರ ಜೂನಿನಲ್ಲಿ 'ಲ್ಯೂಮಿನಲ್' ಎಂಬ ಹಾಡುಗಳ ಆಲ್ಬಂನ ಜೊತೆಗೇ ಬಂದದ್ದು. ಇದರಲ್ಲಿರುವುದು 'ಬಿಗ್ ಎಂಪ್ಟಿ ಕಂಟ್ರಿ' ಎಂಬ ಒಂದೇ ರಚನೆ, ಎಂಟು ಭಾಗಗಳಲ್ಲಿ, ಒಂದು ಗಂಟೆಗೂ ಮೀರಿ. ಈ ಬಗೆಗೆ ಹೆಸರಿಟ್ಟವರ ಹೊಸ ಕೆಲಸವೆಂದು ದೊಡ್ಡ ನಿರೀಕ್ಷೆಯಿಂದ ಕುಳಿತೆ, ನಾಲ್ಕು ರಾತ್ರಿ ಕೇಳಿದೆ, ನಿರೀಕ್ಷೆ ಈಡೇರಲಿಲ್ಲ. ಸ್ವರಗಳು ಸುಂದರವಾಗಿವೆ, ವಿಶಾಲವಾದ ಬಯಲಿನಲ್ಲಿ ದೂರದ ದೀಪಗಳು ಹತ್ತಿ ಆರಿದಂತೆ ಬಂದು ಹೋಗುತ್ತವೆ, ಆದರೆ ಪ್ರತಿಯೊಂದು ಸ್ವರವನ್ನೂ ಎಷ್ಟು ನುಣುಪಾಗಿ ಉಜ್ಜಿಟ್ಟಿದ್ದಾರೆಂದರೆ ಅದರೊಳಗೆ ಕಿವಿ ಹಿಡಿದುಕೊಳ್ಳಲು ಒಂದು ಗಂಟೂ ಸಿಗುವುದಿಲ್ಲ. ಇಪ್ಪತ್ತನೆಯ ನಿಮಿಷದಲ್ಲಿ ಕೇಳಿದ್ದನ್ನೇ ಐವತ್ತನೆಯ ನಿಮಿಷದಲ್ಲಿ ಕೇಳುತ್ತೇವೆ, ಈ ನಡುವೆ ಕೇಳುವ ನಮ್ಮಲ್ಲೂ ಏನೂ ಬದಲಾಗಿರುವುದಿಲ್ಲ. ತಂಬೂರಿಯ ಭಾಷೆಯಲ್ಲಿ ಹೇಳುವುದಾದರೆ, ಶ್ರುತಿ ಸರಿಯಾಗಿದೆ, ಎಳೆಯನ್ನು ಸಿಕ್ಕಿಸಿಲ್ಲ. ಓದುವಾಗ, ಬರೆಯುವಾಗ, ನಿದ್ದೆ ಬಾರದ ಸೆಕೆಯ ರಾತ್ರಿಯಲ್ಲಿ ಇದು ಒಳ್ಳೆಯ ಸಂಗಾತಿ, ಆ ಮಟ್ಟಿಗೆ ಇದರ ಉಪಯೋಗವನ್ನು ಅಲ್ಲಗಳೆಯುವುದಿಲ್ಲ. ಈನೋ ಅವರೇ 1978ರಲ್ಲಿ ಹಾಕಿಕೊಟ್ಟ ನಿಯಮದ ಮೊದಲ ಅರ್ಧವನ್ನು ಈ ಆಲ್ಬಂ ಮುಟ್ಟಿಲ್ಲ ಎಂಬುದೇ ನನ್ನ ಆಕ್ಷೇಪ.

ಕೊಳ್ಳಬಯಸುವವರಿಗೆ ಎರಡು ಮಾತು. ಮೊದಲ ಎರಡು ಆಲ್ಬಂಗಳು ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ಜಾಲತಾಣದಲ್ಲಿ ಸಿಗುತ್ತವೆ. ಒಮ್ಮೆ ಹಣ ಕೊಟ್ಟರೆ ಕಡತ ನಮ್ಮದಾಗುತ್ತದೆ, ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳುವ ಪಾಲು ಶೇ. 15, ಉಳಿದದ್ದರಲ್ಲಿ ಹಣ ಪಾವತಿಯ ಶುಲ್ಕ ಕಳೆದು ಕಲಾವಿದರಿಗೋ ಅವರ ಸಂಸ್ಥೆಗೋ ಹೋಗುತ್ತದೆ. ಹಣ ಡಾಲರಿನಲ್ಲೋ ಪೌಂಡಿನಲ್ಲೋ ಕೊಡಬೇಕಾಗುವುದರಿಂದ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಮೊದಲು ತೆರೆದುಕೊಳ್ಳಬೇಕು. 2020ರಿಂದೀಚೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ನನ್ನ ಬ್ಯಾಂಕಿನ ಕೌಂಟರಿನಲ್ಲಿ ಇದನ್ನು ವಿವರಿಸುವವರು ಯಾರೂ ಇರಲಿಲ್ಲ, ಮೂರು ಸಲ ಹಣ ತಿರಸ್ಕೃತವಾದ ಮೇಲೆ ಮೊಬೈಲ್ ಆ್ಯಪಿನಲ್ಲಿ ನಾನೇ ಹುಡುಕಿಕೊಂಡೆ. ಕಡತ ಇಳಿಸಿಕೊಳ್ಳುವಾಗ ಎಂಪಿ3 ಬೇಡ, ಧ್ವನಿಯ ಯಾವ ಅಂಶವನ್ನೂ ಬಿಡದೆ ಉಳಿಸುವ ಫ್ಲ್ಯಾಕ್ ಆರಿಸಿಕೊಳ್ಳಿ. ಎಂಪಿ3ಯಂತೆ ಸಣ್ಣ ಕಡತ ಮಾಡುವಾಗ ಮೊದಲು ಬಲಿಯಾಗುವುದು ಟೇಪಿನ ಸುಸುಕಾರ, ಉಪಸ್ವರಗಳ ಅಂಚು, ಇಂಥವೇ.

ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ, ಸಂಗೀತ ಬಲ್ಲ ಮನೆಯವರು 'ಡಿಲೈಟ್' ಕೊಳ್ಳಲಿ, ಮನೆಯ ಹಿರಿಯರೂ ಕೂತು ಕೇಳುತ್ತಾರೆ. ಧ್ವನಿಯ ಬಗ್ಗೆ ಕುತೂಹಲವಿರುವ ವಿದ್ಯಾರ್ಥಿಗಳು 'ಎನ್‌ಐಡಿ ಟೇಪ್ಸ್' ಕೊಳ್ಳಲಿ, ಅರ್ಧಕ್ಕೆ ನಿಂತ ತುಣುಕುಗಳನ್ನು ದಾಟಿಸದೆ ಕೇಳಲಿ. ಗುರುಗಳಿಗೆ ಮಾಥುರ್ ಅವರ ತಂಬೂರಿಯ ಹೆಸರಿನ ರಚನೆಯನ್ನು ಇನ್ನೂ ಕೇಳಿಸಿಲ್ಲ. ಮುಂದಿನ ಗುರುವಾರ ಸಂಜೆ ಸ್ಪೀಕರುಗಳನ್ನೇ ಅವರ ಮನೆಗೆ ಒಯ್ಯುತ್ತಿದ್ದೇನೆ, ತಂಬೂರಿಯನ್ನು ಗವಸಣಿಗೆಯಿಂದ ಹೊರಗೆ ತೆಗೆದಿಟ್ಟಿರುತ್ತೇನೆ ಎಂದು ಹೇಳಿದ್ದಾರೆ.